ರೆಡ್ ಸ್ಪೆಷಲ್: ಅಪ್ಪ-ಮಗ ಸೇರಿ ಮಾಡಿದ ಗಿಟಾರ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರಾಕ್ ತಂಡ ಕ್ವೀನ್‌ನ ಒಂದಾದರೂ ಹಾಡು ಕೇಳದವರು ಇಲ್ಲಿ ಕಡಿಮೆ ಇರಬೇಕು. ಆ ತಂಡದ ಗಿಟಾರ್ ವಾದಕ ಬ್ರಯಾನ್ ಮೇ. ಅರ್ಧ ಶತಮಾನ ದಾಟಿದರೂ ಅವರ ಮುಖ್ಯ ಗಿಟಾರ್ ಅದೇ ಒಂದು. ಕೆಂಪು ಬಣ್ಣ, ಹೆಸರು ರೆಡ್ ಸ್ಪೆಷಲ್. ಅಂಗಡಿಯಿಂದ ತಂದದ್ದಲ್ಲ, ಸ್ಕೂಲ್ ಹುಡುಗನಾಗಿದ್ದಾಗ ಅಪ್ಪನ ಜೊತೆ ಕೂತು ಮನೆಯಲ್ಲೇ, ಹೆಚ್ಚಾಗಿ ಗುಜರಿ ಸಾಮಾನಿನಿಂದ ಮಾಡಿಕೊಂಡದ್ದು.

ಈ ಕಥೆ ಹೇಳುವವರೆಲ್ಲ ಗುಜರಿ ಸಾಮಾನಿನ ಪಟ್ಟಿ ಓದುತ್ತಾರೆ. ನಾನೂ ಓದುತ್ತೇನೆ, ಮಜವಾಗಿದೆ. ಆದರೆ ಸಿಕ್ಕಿದ್ದನ್ನು ಜೋಡಿಸಿ ಹೇಗೋ ಕೆಲಸ ಸಾಗಿಸಿದರು ಅಂದುಬಿಟ್ಟರೆ ಅವರಿಬ್ಬರಿಗೂ ಅನ್ಯಾಯ ಮಾಡಿದಂತೆ. ಆ ಗುಜರಿಯ ಹಿಂದೆ ಎಂಥ ಲೆಕ್ಕಾಚಾರ ಇತ್ತು ಅನ್ನೋದನ್ನೇ ಇವತ್ತು ಹೇಳಬೇಕು ಅಂತಿದ್ದೇನೆ.

1963. ಲಂಡನ್ನಿನ ಅಂಚಿನ ಮಿಡ್ಲ್‌ಸೆಕ್ಸ್. ಬ್ರಯಾನ್‌ಗೆ 16 ವರ್ಷ. ಆಗ ಹುಡುಗರ ಕಣ್ಣೆಲ್ಲ ಅಮೆರಿಕದ ಎಲೆಕ್ಟ್ರಿಕ್ ಗಿಟಾರ್ ಫೆಂಡರ್ ಸ್ಟ್ರಾಟೊಕಾಸ್ಟರ್ ಮೇಲೆ. ಅದರ ಬೆಲೆ ಆ ಮನೆಗೆ ಎಟುಕುವಂಥದ್ದಲ್ಲ. ಆದರೆ ಅಪ್ಪ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ವಿಮಾನಯಾನ ಇಲಾಖೆಯಲ್ಲಿ ಕೆಲಸ. ಮನೆಯ ಟಿವಿ ಕೂಡ ತಾವೇ ಜೋಡಿಸಿದವರು. ಮಗನ ಜೊತೆ ಸೇರಿ ಟೆಲಿಸ್ಕೋಪ್ ಬೇರೆ ಮಾಡಿದ್ದರು. ಅಂಥವರಿಗೆ ಗಿಟಾರ್ ಯಾವ ಲೆಕ್ಕ? ಆಗಸ್ಟ್‌ನಲ್ಲಿ ಶುರುವಾದ ಕೆಲಸ ಸುಮಾರು ಎರಡು ವರ್ಷ ಹಿಡಿಯಿತು.

ಮೊದಲು ಮರ. ಪರಿಚಯದವರೊಬ್ಬರು ಹಳೇ ಅಗ್ಗಿಷ್ಟಿಕೆಯ ಮಹಾಗನಿ ಚೌಕಟ್ಟನ್ನು ಬಿಸಾಡುತ್ತಿದ್ದರು. ನೂರು ವರ್ಷಕ್ಕೂ ಹಳೆಯದು. ಅದನ್ನು ಕೈಯಲ್ಲೇ ಕೆತ್ತಿ ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತು ಮಾಡಿದರು. ಹುಳು ಕೊರೆದ ತೂತುಗಳಿದ್ದವು. ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಹಳೇ ಮೇಜಿನ ಓಕ್ ಮರ ಒಡಲಿಗೆ ಹೋಯಿತು, ಸುತ್ತ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಬ್ಲಾಕ್‌ಬೋರ್ಡ್ ಹಲಗೆ, ಮೇಲೆ ತೆಳ್ಳಗಿನ ಮಹಾಗನಿ ಹಾಳೆ. ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ನಡುವೆ ಹೊಳೆಯುವ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು. ಒಟ್ಟು ಖರ್ಚು ಸುಮಾರು 8 ಪೌಂಡ್ ಅಂತ ಹೇಳುತ್ತಾರೆ.

ಒಡಲನ್ನು ಗಟ್ಟಿ ಮರದಲ್ಲಿ ಮಾಡಲಿಲ್ಲ, ಒಳಗೆ ಟೊಳ್ಳು ಬಿಟ್ಟರು. ಕಾರಣ ಇದೆ. ಗಿಟಾರ್ ವಾದಕ ಜೆಫ್ ಬೆಕ್ ವೇದಿಕೆ ಮೇಲೆ ಗಿಟಾರನ್ನು ಆಂಪ್ಲಿಫೈಯರ್ ಮುಂದೆ ಹಿಡಿದು ಫೀಡ್‌ಬ್ಯಾಕ್ ಎಬ್ಬಿಸುವುದನ್ನು ಬ್ರಯಾನ್ ನೋಡಿದ್ದರು. ಸ್ಪೀಕರ್‌ನ ಸದ್ದಿಗೆ ಮರ ನಡುಗಬೇಕು, ಆ ನಡುಕ ತಂತಿಗೆ ಹೋಗಬೇಕು, ಸ್ವರ ನಿಲ್ಲದೆ ಹರಿಯುತ್ತಿರಬೇಕು. ಅದಕ್ಕೇ ಆ ಟೊಳ್ಳು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ, ಟ್ರೆಮೊಲೊ. ಹಿಂದೆ ಕೂತವರಿಗೆ ಕೇಳಿಸ್ತಿದೆ ಅಲ್ವಾ?

ಟ್ರೆಮೊಲೊ ಅಂದರೆ ಗಿಟಾರಿನ ಮೇಲಿರುವ ಸಣ್ಣ ಸರಳು. ಒತ್ತಿದರೆ ತಂತಿಗಳೆಲ್ಲ ಸಡಿಲವಾಗಿ ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ವಾಪಸ್ ಬರಬೇಕು. ತೊಂದರೆ ಇರೋದೇ ಅಲ್ಲಿ. ಎಷ್ಟೋ ಗಿಟಾರ್‌ಗಳಲ್ಲಿ ಅದು ಪೂರ್ತಿ ವಾಪಸ್ ಬರಲ್ಲ, ಶ್ರುತಿ ಕೆಡುತ್ತದೆ. ಯಾಕೆ? ಘರ್ಷಣೆ. ತಂತಿ ಎಲ್ಲೆಲ್ಲಿ ಉಜ್ಜುತ್ತದೋ ಅಲ್ಲೆಲ್ಲ ಒಂಚೂರು ಸಿಕ್ಕಿಕೊಳ್ಳುತ್ತದೆ. ಅಪ್ಪ-ಮಗ ಈ ಉಜ್ಜುವ ಜಾಗಗಳನ್ನು ಒಂದೊಂದಾಗಿ ಹುಡುಕಿ ಹಿಡಿದರು. ಸ್ಕ್ರೂಗಳ ಮೇಲೆ ತಿರುಗಿಸುವ ಬದಲು, ಚಾಕುವಿನಂತೆ ಹರಿತ ಮಾಡಿದ ಗಟ್ಟಿ ಉಕ್ಕಿನ ಅಂಚಿನ ಮೇಲೆ ಇಡೀ ಟ್ರೆಮೊಲೊವನ್ನು ನಿಲ್ಲಿಸಿದರು. ತಾಗುವುದು ಬರೀ ಒಂದು ಗೆರೆಯಷ್ಟು. ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಜ್‌ನಲ್ಲಿ ಪ್ರತಿ ತಂತಿಗೂ ಒಂದು ಪುಟ್ಟ ರೋಲರ್, ಅದೂ ಕೈಯಲ್ಲೇ ಮಾಡಿದ್ದು. ತಂತಿ ಉಜ್ಜುವ ಬದಲು ಉರುಳುತ್ತದೆ. ಮೇಲಿನ ತುದಿಯಲ್ಲೂ ತಂತಿ ಹೆಚ್ಚು ಬಾಗದ ಹಾಗೆ ಹೆಡ್ ಅನ್ನು ತೀರ ಕಡಿಮೆ ಓರೆಯಲ್ಲಿ ಇಟ್ಟರು.

ಈಗ ತಂತಿಗಳ ಎಳೆತಕ್ಕೆ ಎದುರು ನಿಲ್ಲುವ ಸ್ಪ್ರಿಂಗ್ ಬೇಕು. 1928ರ ಪ್ಯಾಂಥರ್ ಮೋಟಾರ್‌ಸೈಕಲ್‌ನ ಎರಡು ವಾಲ್ವ್ ಸ್ಪ್ರಿಂಗ್ ಹಾಕಿದರು. ಓಡುವ ಎಂಜಿನ್‌ನಲ್ಲಿ ವಾಲ್ವ್ ಸ್ಪ್ರಿಂಗ್ ಒಂದೇ ನಿಮಿಷದಲ್ಲಿ ಎಷ್ಟು ಸಾರಿ ಒತ್ತಿಸಿಕೊಂಡು ವಾಪಸ್ ಬರುತ್ತದೆ ಯೋಚಿಸಿ. ಅಂಥದ್ದಕ್ಕೆ ಗಿಟಾರ್ ಕೆಲಸ ಹಗುರ. ಇನ್ನು ಆ ಸರಳು? ಸೈಕಲ್ ಸೀಟಿನ ಹಿಂದಿನ ಬ್ಯಾಗ್ ಸ್ಟ್ಯಾಂಡಿನದು. ತುದಿಗೆ ಅಮ್ಮನ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ಪಾಪ, ಆ ಅಮ್ಮನ ಡಬ್ಬಿ ಎಷ್ಟು ಖಾಲಿಯಾಯಿತೋ!

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾಡುವ ಪಿಕಪ್ ಮಾತ್ರ ಮನೆಯದ್ದು ಉಳಿಯಲಿಲ್ಲ. ಬ್ರಯಾನ್ ಆಯಸ್ಕಾಂತ ತಂದು ತಂತಿ ಸುತ್ತಿ ಮಾಡಿದ್ದರು. ಆದರೆ ಧ್ರುವಗಳ ಜೋಡಣೆಯಿಂದಾಗಿ, ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದಾಗ ಕರಕರ ಸದ್ದು ಬರುತ್ತಿತ್ತು. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಟ್ರೈ-ಸಾನಿಕ್ ಪಿಕಪ್ ಕೊಂಡು, ಕೀರಲು ಶಬ್ದ ಬರದಿರಲೆಂದು ಒಳಗೆ ಅರಾಲ್ಡೈಟ್ ಅಂಟು ತುಂಬಿದರು. ಮನೆಯಲ್ಲೇ ಮಾಡಿದ್ದು ಅನ್ನೋ ಹಟಕ್ಕೆ ಬೀಳಲಿಲ್ಲ ನೋಡಿ.

ವೈರಿಂಗ್ ಮಾತ್ರ ಅವರದ್ದೇ. ಮೂರೂ ಪಿಕಪ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿ, ಒಂದೊಂದಕ್ಕೂ ಎರಡೆರಡು ಸ್ವಿಚ್ ಕೊಟ್ಟರು. ಒಂದು ಆನ್-ಆಫ್‌ಗೆ, ಇನ್ನೊಂದು ಫೇಸ್ ತಿರುಗಿಸಲು, ಅಂದರೆ ಅದರ ಸಂಕೇತದ ಏರಿಳಿತವನ್ನು ತಲೆಕೆಳಗು ಮಾಡಲು. ಎರಡು ಪಿಕಪ್ ಒಂದೇ ಫೇಸ್‌ನಲ್ಲಿದ್ದರೆ ಸದ್ದು ಕೂಡುತ್ತದೆ, ದಪ್ಪಗೆ ತುಂಬಿಕೊಂಡು ಬರುತ್ತದೆ. ಒಂದನ್ನು ತಿರುಗಿಸಿದರೆ ಎರಡಕ್ಕೂ ಸಮಾನವಾದ ಮಂದ್ರದ ಅಂಶ ಬಹುಪಾಲು ಕಳೆದುಹೋಗಿ, ಮೇಲಿನ ಚೂಪು ಸ್ವರಗಳು ಉಳಿಯುತ್ತವೆ. ಮೂಗಿನಲ್ಲಿ ಹಾಡಿದ ಹಾಗೆ ಕಿರುಚುವ ಸದ್ದು. ಒಂದೇ ಗಿಟಾರ್ ರೆಕಾರ್ಡಿಂಗ್‌ನಲ್ಲಿ ಹತ್ತಾರು ವಾದ್ಯಗಳ ಹಾಗೆ ಕೇಳಿಸುವುದರ ಅರ್ಧ ಗುಟ್ಟು ಇಲ್ಲಿದೆ. ಉಳಿದರ್ಧ ಒಂದರ ಮೇಲೊಂದು ಪದರವಾಗಿ ರೆಕಾರ್ಡ್ ಮಾಡುವ ತಾಳ್ಮೆ. ಜೊತೆಗೆ, ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ ಬದಲು ಅವರು ಹಳೇ ಸಿಕ್ಸ್‌ಪೆನ್ಸ್ ನಾಣ್ಯದಲ್ಲಿ ನುಡಿಸುತ್ತಾರೆ. ಅದರ ಅಂಚಿನ ಸಣ್ಣ ಹಲ್ಲುಗಳು ತಂತಿಗೆ ತಾಗುವ ಸದ್ದೂ ಬೇಕು ಅವರಿಗೆ.

ಮುಂದಿನದ್ದು ಬಹಳ ಜನಕ್ಕೆ ಗೊತ್ತು. ಇಂಪೀರಿಯಲ್ ಕಾಲೇಜಿನಲ್ಲಿ ಖಗೋಳ ವಿಜ್ಞಾನದ ಪಿಎಚ್‌ಡಿ ಮಾಡುತ್ತಿದ್ದ ಮಗ ಅರ್ಧಕ್ಕೇ ಬಿಟ್ಟು ಬ್ಯಾಂಡ್ ಹಿಂದೆ ಹೋದಾಗ ಹೆರಾಲ್ಡ್‌ಗೆ ಭಾರೀ ಬೇಸರ. ಆ ಗಿಟಾರನ್ನು ಮಾಡಿಕೊಟ್ಟವರೇ ಅವರು! ಮುಂದೆ ಮಗ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಾರ್ಯಕ್ರಮಕ್ಕೆ ಕರೆಸಿಕೊಂಡಾಗ, ಅದನ್ನು ಕಣ್ಣಾರೆ ನೋಡಿದ ಮೇಲೆ ಅವರ ಮನಸ್ಸು ಬದಲಾಯಿತು. ಪಿಎಚ್‌ಡಿ ಕೂಡ ಸಿಕ್ಕಿತು ಬಿಡಿ, 2007ರಲ್ಲಿ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಾವಣಿ ಮೇಲೆ ನಿಂತು ರಾಷ್ಟ್ರಗೀತೆ ನುಡಿಸಿದ್ದೂ ಇದೇ ಗಿಟಾರ್‌ನಲ್ಲಿ.

ಹಾಗಿದ್ದರೆ ಇದರ ನಕಲು ಮಾಡಬಹುದಾ? ಗಿಲ್ಡ್ ಕಂಪನಿ 1984ರಲ್ಲಿ ಒಂದು ಮಾದರಿ ತಂದಿತು. 90ರ ದಶಕದಲ್ಲಿ ಆಸ್ಟ್ರೇಲಿಯಾದ ಗಿಟಾರ್ ತಯಾರಕ ಗ್ರೆಗ್ ಫ್ರಯರ್ ಮೂಲವನ್ನು ಅಳೆದು ತೂಗಿ ಮೂರು ಪ್ರತಿ ಮಾಡಿದರು. 1998ರಲ್ಲಿ ಮೂಲ ಗಿಟಾರನ್ನು ರಿಪೇರಿಗೆ ಒಪ್ಪಿಸಿದ್ದೂ ಅವರ ಕೈಗೇ. ಈಗ ಬ್ರಯಾನ್ ಅವರದ್ದೇ ಕಂಪನಿಯ ಮಾದರಿಗಳು ಅಂಗಡಿಯಲ್ಲಿ ಸಿಗುತ್ತವೆ. ಮುಟ್ಟಿ ನೋಡಬೇಕು ಅನ್ನಿಸಿದವರು ಅಂಗಡಿಗೆ ಹೋದಾಗ ಆ ಫೇಸ್ ಸ್ವಿಚ್‌ಗಳನ್ನು ಒಮ್ಮೆ ಆಡಿಸಿ ನೋಡಿ. ನಾನು ಈಗ ಬಾಯಲ್ಲಿ ಹೇಳಿದ್ದು ಅರ್ಧ ನಿಮಿಷದಲ್ಲಿ ಕಿವಿಗೆ ಸಿಗುತ್ತದೆ.

ಪ್ರಶ್ನೆ ಇದ್ದವರು ಕೇಳಬಹುದು.