ಹೇಯಾನ್ ಮಾರು: ಮಗ್ಗುಲಾಗಿ ಮಲಗಿರೋ ತಾಯಿ ಹಡಗು

ಸರಿ, ಮುಳುಗಿದ ಹಡಗಿನ ಹತ್ರ ಇಳಿದಾಯ್ತು. ಈಗ ಕಾಣ್ತಿರೋದು ಬಲಮಗ್ಗುಲು, ಸುಮಾರು 12 ಮೀಟರ್ ಆಳ. ಹಡಗು ಎಡಮಗ್ಗುಲಿಗೆ ಮಲಗಿದೆ, ಕೆಳಗಿನ ಮರಳು ಸಿಗೋಕೆ 34 ಮೀಟರ್ ಹೋಗ್ಬೇಕು. ಜಾಗ ಪೆಸಿಫಿಕ್ ಸಾಗರದ ಮೈಕ್ರೋನೇಷ್ಯಾದ ಚೂಕ್ ಲಗೂನ್, ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ರುಕ್. 1930ರಲ್ಲಿ ಕಟ್ಟಿದ ಪ್ರಯಾಣಿಕರ ಹಡಗು ಇದು, ಸಿಯಾಟಲ್‌ಗೆ ಓಡಾಡ್ತಿತ್ತು. 1941ರಲ್ಲಿ ಜಪಾನ್ ನೌಕಾಪಡೆ ಎತ್ಕೊಂಡು ಸಬ್‌ಮರೀನ್‌ಗಳ ತಾಯಿ ಹಡಗು ಮಾಡ್ತು.

ಆಯ್ಕೆ ಮಾತ್ರ ಸರಿಯಾಗಿತ್ತು. ಕ್ಯಾಬಿನ್‌ಗಳಲ್ಲಿ ಸಬ್‌ಮರೀನ್‌ನಿಂದ ಸುಸ್ತಾಗಿ ಬಂದೋರು ಕಾಲು ಚಾಚಿ ಮಲಗಬಹುದು, ಹೋಲ್ಡ್ ಅಂದ್ರೆ ಸರಕಿನ ಕೋಣೆಗಳಲ್ಲಿ ಟಾರ್ಪಿಡೊ (ನೀರೊಳಗೆ ಓಡಿ ಹಡಗಿಗೆ ಬಡಿಯೋ ಸಿಡಿಮದ್ದು), ದಿನಸಿ, ಬಿಡಿಭಾಗ. ಡೀಸೆಲ್ ಇಂಜಿನ್ ರಿಪೇರಿ ಗೊತ್ತಿರೋರು ಹಡಗಲ್ಲೇ ಇದ್ದಾರೆ.

ಇಲ್ಲಿ ಓಣಿಯಲ್ಲಿ ಬಿದ್ದಿರೋ ಉದ್ದುದ್ದ ಪೈಪ್‌ಗಳು ಪೆರಿಸ್ಕೋಪ್, ಸಬ್‌ಮರೀನ್ ಒಳಗಿಂದ ನೀರಿನ ಮೇಲೆ ನೋಡೋ ಕೊಳವೆ. ಬಿಡಿ ಪೆರಿಸ್ಕೋಪ್ ಯಾಕೆ? ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯೋ ಬಾಂಬ್) ಹೊಡೆತಕ್ಕೆ ಸೀಲ್ ಸಡಿಲಾಗಿ ನೀರು ಸೇರಿದ್ರೆ ಗಾಜೆಲ್ಲ ಮಂಜು, ಕಣ್ಣೇ ಹೋದಂಗೆ.

ಈಗ ಟಾರ್ಪಿಡೊ. ಇಲ್ಲಿರೋದನ್ನ ಡೈವ್ ಮಾಡೋರೆಲ್ಲ 'ಲಾಂಗ್ ಲ್ಯಾನ್ಸ್' ಅಂತಾರೆ. ತಲೆ ಕೆಡುತ್ತೆ ಕೇಳಿದ್ರೆ! ಲಾಂಗ್ ಲ್ಯಾನ್ಸ್ ಅಂದ್ರೆ 93 ಮಾದರಿ, ಕ್ರೂಸರ್, ಡಿಸ್ಟ್ರಾಯರ್‌ಗಳದ್ದು, ದಪ್ಪ 61 ಸೆಂ.ಮೀ., ಉದ್ದ 9 ಮೀಟರ್. ಜಪಾನಿ ಸಬ್‌ಮರೀನ್‌ನ ಕೊಳವೆ 53.3 ಸೆಂ.ಮೀ. ಅದರೊಳಗೆ 61ರದ್ದು ತುರುಕೋಕೇ ಆಗಲ್ಲ, ಮತ್ತೆ ತಾಯಿ ಹಡಗಲ್ಲಿ ಅದಕ್ಕೇನು ಕೆಲಸ? ಸಬ್‌ಮರೀನ್‌ಗೆ ಅಂತ ಇದ್ದದ್ದು 95 ಮಾದರಿ, ಉದ್ದ 7.15 ಮೀಟರ್. 'ಕಣ್ಣಾರೆ ನೋಡಿದ್ವಿ, ಅಷ್ಟು ದಪ್ಪ ಇತ್ತು' ಅಂತಾರೆ. ಇರುತ್ತಪ್ಪಾ! ಮಾಸ್ಕ್ ಗಾಜಿನ ಹಿಂದಿಂದ ನೀರಲ್ಲಿ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗೇ ಕಾಣುತ್ತೆ. 53 ಅನ್ನೋದು 70ರ ಹಾಗೆ. ಮೇಲಿಂದ ತುಕ್ಕು, ಹವಳ ಬೇರೆ. ಟೇಪ್ ಹಿಡೀರಿ, ಕಣ್ಣನ್ನ ನಂಬಬೇಡಿ. ಹಾಗಂತ ತಟ್ಟಿ, ಅಲ್ಲಾಡಿಸಿ ನೋಡ್ಬೇಡಿ ಮತ್ತೆ, ಈ ಮಾದರಿಯ ಸಿಡಿತಲೆ 400 ಕಿಲೊ ಮೇಲೆ.

ಎರಡೂ ಆಮ್ಲಜನಕದಲ್ಲಿ ಓಡೋವೇ, ಹಿಂದೆ ಗುಳ್ಳೆ ಸಾಲು ಕಾಣೋದಿಲ್ಲ ಅಂತಲೇ ಹೇಳಬಹುದು. ಪೈಪಲ್ಲಿ ಒಂಚೂರು ಎಣ್ಣೆ ಉಳಿದ್ರೂ ಸ್ಫೋಟ. ಹಾಗಾಗಿ ಇವನ್ನ ತೊಳೆದು ಸಜ್ಜು ಮಾಡೋದು ಅಡುಗೆಮನೆಗಿಂತ ಮಡಿ ಕೆಲಸ.

ಅಯ್ಯೋ, ಇಲ್ಲಿಂದ ಬರೀ ಕಂದು ಬಣ್ಣ. ಕಾಲಿಗೆ ಕಟ್ಟೋ ಫಿನ್ ಕೆಳಕ್ಕೆ ಬಡಿದ್ರೆ ಹೀಗೇ, ಹೂಳು ಕೂರೋಕೆ ಹೊತ್ತಾಗುತ್ತೆ. ಒಳಗೆ ಕಪ್ಪೆ ಥರ ಪಕ್ಕಕ್ಕೆ ಒದೀಬೇಕು.

ಹಾಂ, ಹಡಗಿನ ಮೂತಿ. ಹೆಸರು ಇಂಗ್ಲಿಷಲ್ಲೂ ಜಪಾನಿಯಲ್ಲೂ ಇದೆ. 1944ರ ಫೆಬ್ರವರಿ 17, 18ರ ಅಮೆರಿಕನ್ ವಿಮಾನದಾಳಿಯಲ್ಲಿ ಮುಳುಗಿದ್ದು. ಮಕ್ಕಳಾದ್ರೆ ನೀರೊಳಗೆ ಬಚ್ಚಿಟ್ಕೋಬಹುದು, 11,600 ಟನ್ನಿನ ತಾಯಿ ಎಲ್ಲಿ ಅಡಗ್ತಾಳೆ? ಆಯ್ಕೆ ಸರಿ ಅಂದಿದ್ದೆ ಅಲ್ವಾ, ಅರ್ಧ ವಾಪಸ್ ತಗೋತೀನಿ.

ಇಂಜಿನ್ ರೂಮ್ ತೋರಿಸಲ್ಲ, ಎಲ್ಲ ಅಡ್ಡಡ್ಡ, ಏನೂ ಅರ್ಥವಾಗಲ್ಲ. ನೋಡ್ಲೇಬೇಕಂದ್ರೆ ಇದರ ಅಕ್ಕ ಹಿಕಾವಾ ಮಾರು ಯೊಕೊಹಾಮಾದಲ್ಲಿ ಮ್ಯೂಸಿಯಂ ಆಗಿ ನಿಂತಿದೆ, ಒದ್ದೆಯಾಗದೇ ನೋಡಬಹುದು. ಸಿಲಿಂಡರ್ ಗಾಳಿಯ ಒತ್ತಡ 70 ಬಾರ್‌ಗೆ ಇಳೀತು, ಮೇಲಕ್ಕೆ.