ಗೆದ್ದ ಕುದುರೆ ಮತ್ತೆ ಸೋತದ್ದೇಕೆ? ರೇಸ್ ಕಾರ್ಡಿನೊಳಗೆ ಅಡಗಿದ ಕೆಸರಿನ ಲೆಕ್ಕ

(ತೆರೆಯ ಮೇಲೆ: ನಾಟಿಗೆ ಹದ ಮಾಡಿದ ಗದ್ದೆ, ಅಂಚಿನಲ್ಲಿ ನಿರೂಪಕ)

ನಮಸ್ಕಾರ. ಶಿವಮೊಗ್ಗದಲ್ಲಿ ರೇಸ್ ಕೋರ್ಸ್ ಇಲ್ಲ. ಕುದುರೆ ಓಟ ನೋಡಬೇಕೆಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕು. ಆದರೂ ತೀರ್ಥಹಳ್ಳಿಯ ವೀಕ್ಷಕರೊಬ್ಬರು ಮೂರು ರೇಸ್ ಕಾರ್ಡುಗಳ, ಅಂದರೆ ಆ ದಿನ ಓಡುವ ಕುದುರೆಗಳ ವಿವರವಿರುವ ಪಟ್ಟಿಗಳ, ಚಿತ್ರ ಕಳುಹಿಸಿ ಕೇಳಿದ್ದಾರೆ: ‘ಸತತ ಎರಡು ಓಟ ಗೆದ್ದ ಕುದುರೆ ಮೂರನೆಯದರಲ್ಲಿ ಆರನೇ ಸ್ಥಾನಕ್ಕೆ ಇಳಿಯಿತು. ಅದೇ ಕುದುರೆ, ಅದೇ ಜಾಕಿ. ಏನಾಯಿತು?’ ಒಂದು ವಾರದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕಾರ್ಡಿನಲ್ಲಿ ಕುದುರೆಯ ಹೆಸರಿನ ಪಕ್ಕದಲ್ಲಿರುವ ಅಂಕಿಗಳು, ಹಿಂದಿನ ಓಟಗಳಲ್ಲಿ ಅದು ಎಷ್ಟನೆಯದಾಗಿ ಬಂತೆಂದು ತಿಳಿಸುತ್ತವೆ. ಅದೇ ಫಾರ್ಮ್. ಹೆಚ್ಚಿನವರು ಅಷ್ಟನ್ನೇ ಓದಿ ಕಾರ್ಡು ಮಡಚಿಡುತ್ತಾರೆ.

ಅದರ ಪಕ್ಕದಲ್ಲೇ ಭಾರವಿದೆ, ನೋಡಿ. ಹ್ಯಾಂಡಿಕ್ಯಾಪ್ ಓಟದಲ್ಲಿ, ಅಂದರೆ ಬಲಾಬಲ ಸರಿದೂಗಿಸಲು ಕುದುರೆಗಳಿಗೆ ಬೇರೆ ಬೇರೆ ಭಾರ ಹೊರಿಸುವ ಓಟದಲ್ಲಿ, ಗೆದ್ದ ಕುದುರೆಗೆ ಮುಂದಿನ ಸಲ ಹೊರೆ ಏರುತ್ತದೆ. ಜಾಕಿಯ ತೂಕ ಸಾಲದಿದ್ದರೆ ಜೀನಿನಲ್ಲಿ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ಓಟ ಮುಗಿದ ಮೇಲೆ ಜಾಕಿಯನ್ನು ಜೀನಿನ ಸಮೇತ ಮತ್ತೆ ತೂಗುತ್ತಾರೆ. ಈ ಕುದುರೆಯ ಮೇಲಿದ್ದದ್ದು ಮೊದಲು 54 ಕಿಲೋ, ಆಮೇಲೆ 56, ಮೂರನೆಯ ಸಲ 58.5. ಸುಮಾರು 1,600 ಮೀಟರ್ ಓಟದಲ್ಲಿ ಒಂದು ಕಿಲೋ ಹೆಚ್ಚಾದರೆ ಹೆಚ್ಚುಕಡಿಮೆ ಒಂದು ಕುದುರೆಯ ಉದ್ದದಷ್ಟು, ಅಂದರೆ ಎರಡೂವರೆ ಮೀಟರಿನಷ್ಟು ಹಿನ್ನಡೆ ಎಂಬುದು ರೂಢಿಯ ಅಂದಾಜು. ನಾಲ್ಕೂವರೆ ಕಿಲೋಗೆ ನೀವೇ ಲೆಕ್ಕ ಹಾಕಿ.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ರೇಸಿನ ದಿನ ನೆಲದ ಮೆದುತನವನ್ನು ಅಳೆಯಲು ಪೆನೆಟ್ರೋಮೀಟರ್ ಎಂಬ ಸಾಧನವಿದೆ. ಫ್ರಾನ್ಸಿನ ಪದ್ಧತಿಯಲ್ಲಿ ಒಂದು ಸಣ್ಣ ಸಲಾಕೆಯನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಒಂದು ಕಿಲೋ ಗುಂಡನ್ನು ಒಂದು ಮೀಟರ್ ಎತ್ತರದಿಂದ ಅದರ ಮೇಲೆ ಬೀಳಿಸುತ್ತಾರೆ. ಒಂದಲ್ಲ, ಮೂರು ಬಾರಿ. ಸಲಾಕೆ ಎಷ್ಟು ಆಳಕ್ಕೆ ಇಳಿಯಿತೋ ಅದೇ ಅಂಕಿ. ಮಳೆ ಬಿದ್ದಷ್ಟೂ ಅಂಕಿ ಏರುತ್ತದೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಮ್ಮ ಕೆಸರುಗದ್ದೆ ಓಟವನ್ನೇ ನೆನಪಿಸಿಕೊಳ್ಳಿ. ಕಳೆದ ಮಳೆಗಾಲ ಇಂಥದೇ ಗದ್ದೆಯ ಅಂಚಿನಲ್ಲಿ ನಿಂತಿದ್ದೆ. ಶಾಲಾ ಮೈದಾನದಲ್ಲಿ ಸದಾ ಮೊದಲು ಬರುವ ಹುಡುಗ ಉದ್ದುದ್ದ ಹೆಜ್ಜೆ ಹಾಕಿ ಹೊರಟ. ನಾಲ್ಕನೇ ಹೆಜ್ಜೆಗೆ ಮೊಣಕಾಲಿನ ತನಕ ಹೂತ. ಕಾಲು ಕೀಳುವಾಗ ‘ಪಚಕ್’ ಎಂದಿತು ಕೆಸರು. ಆ ಸದ್ದಿನಲ್ಲೇ ಅವನ ಅರ್ಧ ಬಲ ಸೋರಿಹೋಯಿತು. ಪಕ್ಕದ ಸಣಕಲು ಹುಡುಗ ಮಾತ್ರ ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ, ಕೆಸರಿನ ಮೇಲೇ ಓಡಿದಂತೆ ದಾಟಿಹೋದ. ಮೈದಾನದ ಫಾರ್ಮ್ ಗದ್ದೆಯಲ್ಲಿ ನಡೆಯಲಿಲ್ಲ.

ಕುದುರೆಗಳಲ್ಲೂ ಹಾಗೆಯೇ. ಗಟ್ಟಿ ನೆಲದಲ್ಲಿ ಹಾರುವ ಕುದುರೆ ಮೆತ್ತನೆಯ ನೆಲದಲ್ಲಿ ತಡವರಿಸಬಹುದು. ಬೆಂಗಳೂರಿನ ಬೇಸಿಗೆ ಋತುವಿನ ರೇಸು ಮುಂಗಾರಿನೊಳಕ್ಕೂ ಚಾಚುತ್ತದೆ. ನಮ್ಮ ಕುದುರೆ ಎರಡು ಬಾರಿ ಒಣ ನೆಲದಲ್ಲಿ ಗೆದ್ದಿತ್ತು, ಮೂರನೆಯದಕ್ಕೆ ಮಳೆ ಸುರಿದಿತ್ತು. ಹಾಗಾಗಿ ಆ ಆರನೇ ಸ್ಥಾನವನ್ನು ನಾನು ಸೋಲೆಂದು ಓದುವುದಿಲ್ಲ. ನೆಲ ಒಣಗಿ ಭಾರ ಇಳಿದ ದಿನ ಇದೇ ಕುದುರೆ ಮೇಲೆ ಬರಬಹುದು.

ಸಮಯ ಕಡಿಮೆಯಿದೆ. ಓಟದ ದೂರ 1,200 ಮೀಟರಿನಿಂದ 1,600ಕ್ಕೆ ಏರಿದೆಯೇ, ಹೊರಡುವ ಗೇಟು ಒಳಗಿನದೋ ಹೊರಗಿನದೋ, ಹಿಂದಿನ ಓಟವಾಗಿ ಎಷ್ಟು ದಿನವಾಯಿತು, ಎದುರಾಳಿಗಳು ಮೇಲಿನ ದರ್ಜೆಯವರೇ: ಇವನ್ನೂ ನೋಡಿ.

‘ಭಾನುವಾರಕ್ಕೆ ಟಿಪ್ಸ್ ಕೊಡಿ’ ಎಂದು ಕೇಳಿದವರೂ ಇದ್ದಾರೆ. ಕೊಡುವುದಿಲ್ಲ. ಕುದುರೆ ಓಟ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, ನಿಜ. ಆದರೆ ಎಲ್ಲರೂ ನೆಚ್ಚಿದ ಫೇವರಿಟ್ ಕುದುರೆಯೇ ಸುಮಾರು ಮೂರರಲ್ಲಿ ಒಂದು ಓಟವನ್ನಷ್ಟೇ ಗೆಲ್ಲುತ್ತದೆ. ಗೆದ್ದವರಿಗೆ ಹಂಚುವ ಮೊದಲೇ, ಎಲ್ಲರ ಪಣದ ಹಣವನ್ನು ಒಟ್ಟುಗೂಡಿಸುವ ಟೋಟ್ ವ್ಯವಸ್ಥೆ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಅಡಿಕೆ ಮಾರಿ ಬಂದ ಹಣವನ್ನು ಅಲ್ಲಿ ಇಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ತೀರ್ಥಹಳ್ಳಿಯ ಗೆಳೆಯರೇ, ಮುಂದಿನ ಕಾರ್ಡಿನ ಚಿತ್ರದ ಜೊತೆಗೆ ಆ ದಿನದ ಪೆನೆಟ್ರೋಮೀಟರ್ ಅಂಕಿಯನ್ನೂ ಬರೆದು ಕಳುಹಿಸಿ. ಕೂತು ಓದೋಣ.