ಸೋರಿಯಾಸಿಸ್ ಚರ್ಮದಲ್ಲಿದೆ, ಕೀಲಿಗೆ ಇಳಿಯಬಾರದು ಅಂದ್ರೆ?

ಫೋಕಸ್ ಬಂತಾ? ಬಂತು. ಇದು ನನ್ನ ಹೆಬ್ಬೆರಳಿನ ಉಗುರು. ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಕಾಣುತ್ತಿದೆ ಅಲ್ವಾ? ತುದಿಯಲ್ಲಿ ಉಗುರು ಎದ್ದುಕೊಂಡು ಹಳದಿಯಾಗಿದೆ. ಇದನ್ನು ನೋಡಿದ ಮೊದಲ ಡಾಕ್ಟರ್ ಫಂಗಸ್ ಅಂದರು. ಉಗುರಿನ ಚೂರು ಕತ್ತರಿಸಿ ಟೆಸ್ಟಿಗೆ ಕಳಿಸಲಿಲ್ಲ. ತಲೆಯಲ್ಲಿ ಹೊಟ್ಟು ಏಳುತ್ತಾ ಅಂತಲೂ ಕೇಳಲಿಲ್ಲ. ತಿಂಗಳುಗಟ್ಟಲೆ ಮುಲಾಮು ಹಚ್ಚಿದೆ. ಟ್ಯೂಬ್ ಮೇಲೆ ಟ್ಯೂಬ್ ಖಾಲಿ. ಗುಳಿ ಮಾತ್ರ ಆರಾಮಾಗಿ ಅಲ್ಲೇ ಇದೆ, ನೋಡಿ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆಮೇಲೆ ಚರ್ಮದ ಡಾಕ್ಟರ್ ಕಿವಿಯ ಹಿಂದೆ ಒಮ್ಮೆ ನೋಡಿ, ಸೋರಿಯಾಸಿಸ್ ಅಂದುಬಿಟ್ಟರು, ಅಂದರೆ ಚರ್ಮ ಉರಿಯೂತದಿಂದ ದಪ್ಪಗಾಗಿ ಹೊಟ್ಟು ಏಳುವ ಕಾಯಿಲೆ.

ಉಗುರಿನ ಬಗ್ಗೆ ಇಷ್ಟು ಕೊರೆಯಲು ಕಾರಣ ಇದೆ. ಉಗುರಿಗೆ ಬಂದವರಿಗೆ ಕೀಲಿಗೂ ಇಳಿಯುವ ಅಪಾಯ ಜಾಸ್ತಿ. ಬೆರಳ ತುದಿಯ ಕೀಲೂ ಉಗುರಿನ ಬುಡವೂ ಪಕ್ಕಪಕ್ಕದಲ್ಲೇ ಇವೆ, ಸ್ನಾಯುರಜ್ಜಿನ (ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಎಳೆಗಳು ಎರಡನ್ನೂ ಸೇರಿಸಿವೆ. ನೆತ್ತಿಯಲ್ಲಿದ್ದರೂ ಎಚ್ಚರ ಬೇಕು. ಸೋರಿಯಾಸಿಸ್ ಇರುವ 100 ಜನರಲ್ಲಿ 30 ಮಂದಿಯವರೆಗೂ ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆಗಿನ ಕೀಲಿನ ಉರಿಯೂತ, ಬರಬಹುದು. ಸಾಮಾನ್ಯವಾಗಿ ಚರ್ಮ ಮೊದಲು, ಕೀಲು ಆಮೇಲೆ. ನಡುವೆ 10 ವರ್ಷ ಕಳೆದಿರುವುದೂ ಉಂಟು.

ಇದು ಸುಮ್ನೆ ನಾನು ನಡೆಯುವ ಶಾಟ್. ‘ತೂಕ ಇಳಿಸಿ’ ಅಂದರೆ ನನಗೆ ಆಗುವುದಿಲ್ಲ. ಯಾವ ಕಾಯಿಲೆಗೆ ಹೋದರೂ ಅದೇ ಮಂತ್ರ! ಆದರೆ ಇಲ್ಲಿ ಆ ಮಾತು ನಿಜ, ಏನು ಮಾಡೋಣ. ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಉರಿಯೂತವನ್ನೂ ಹೆಚ್ಚಿಸುತ್ತದೆ. ಅದಕ್ಕೇ ಈ ನಡಿಗೆ. ಈ ಶೂಗಳ ಲೇಸ್ ಮಾತ್ರ ಹತ್ತು ಹೆಜ್ಜೆಗೊಮ್ಮೆ ಬಿಚ್ಚಿಕೊಳ್ಳುತ್ತದೆ, ಯಾರು ಕಂಡುಹಿಡಿದರೋ ಈ ಜಾರುವ ಲೇಸನ್ನು... ಸರಿ, ಶಾಟ್ ಮುಗಿಯಿತು.

ಖಂಡಿತ ತಡೆಯುತ್ತದೆ ಅನ್ನುವ ಮಾತ್ರೆ ಇಲ್ಲ. ಬುಡಸಮೇತ ಕಿತ್ತುಹಾಕುತ್ತೇವೆ ಅನ್ನುವವರನ್ನು ದೂರ ಇಡಿ. ಚರ್ಮಕ್ಕೆ ಕೊಡುವ, ಉರಿಯೂತ ತಗ್ಗಿಸುವ ಬಯೋಲಾಜಿಕ್ ಇಂಜೆಕ್ಷನ್ ಕೀಲನ್ನೂ ಕಾಪಾಡುತ್ತದಾ ಅಂತ ಸಂಶೋಧನೆ ನಡೆದಿದೆ, ಉತ್ತರ ಮಾತ್ರ ಒಂದೇ ಥರ ಬಂದಿಲ್ಲ. ಬೇಗ ಹಿಡಿಯುವುದು ನಮ್ಮ ಕೈಯಲ್ಲಿದೆ. ಬೆಳಿಗ್ಗೆ ಎದ್ದಮೇಲೆ ಅರ್ಧ ಗಂಟೆ ಕಳೆದರೂ ಕೀಲು ಬಿಗಿಯಾಗೇ ಇದೆಯಾ? ಒಂದು ಬೆರಳು ಬುಡದಿಂದ ತುದಿವರೆಗೂ ಊದಿದೆಯಾ? ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರ್ ಹತ್ತಿರ ಹೋಗಿ. ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ಖುಷಿಯಾಗಿ ಮನೆಗೆ ಬರಬೇಡಿ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ವೇ. ಆರು ತಿಂಗಳು ತಡವಾದರೂ ಕೀಲು ಹಾಳಾಗಬಹುದು.

ಹಿಮ್ಮಡಿ ಬಿಟ್ಟೇಹೋಯಿತು. ಇಲ್ಲಿ, ಹಿಂಬದಿಯಲ್ಲಿ, ಕಾಲಿನ ದಪ್ಪ ಸ್ನಾಯುರಜ್ಜು ಬಂದು ಮೂಳೆಗೆ ಸೇರುವ ಜಾಗ. ಒತ್ತಿದರೆ ನೋಯುತ್ತಾ ನೋಡಿಕೊಳ್ಳಿ. ಕಂಡಿತಲ್ಲ? ಬ್ಯಾಟರಿ ಕೆಂಪಾಗಿದೆ, ಕಟ್ ಮಾಡುತ್ತಿದ್ದೇನೆ.